ಅತ್ತೆ ಸ್ಟಿಯರಿಂಗ್ ಹಿಡಿದ ದಿನ

ನಿನ್ನೆ ಮೂಡುಬಿದಿರೆಯ ನನ್ನ ಪ್ರೆಸ್ಸಿನ ಎದುರು ಯಾರದೋ ಕಾರು ಏರಿನಲ್ಲಿ ಒದ್ದಾಡಿ ಹೋಯಿತು. ಹಿಂದೆ ಉಳಿದದ್ದು ಕ್ಲಚ್ ಸುಟ್ಟ ವಾಸನೆ. ಆ ವಾಸನೆ ನಿಮಗೆ ಪರಿಚಯವಿಲ್ಲದಿದ್ದರೆ ನಿಮ್ಮ ಪುಣ್ಯ. ನನಗಂತೂ ಅದು ಮೂಗಿಗೆ ಬಿದ್ದರೆ ಸಾಕು, ಮದುವೆ ಕಾಗದದ ಪ್ರೂಫು ಕೈಯಲ್ಲೇ ಉಳಿದು, ಮನಸ್ಸು ವಾಮದಪದವಿನ ಏರಿಗೆ ಹೋಗಿ ನಿಲ್ಲುತ್ತದೆ.

ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು. ಮೊದಲ ಕಾರು ಹೇಗಿರಬೇಕೆಂದು ಕೇಳಿದವರೆಲ್ಲ ಮಾರುತಿ ಎಂದರು. ನಾನು ಬಂಟ್ವಾಳದ ಒಬ್ಬ ಬ್ಯಾರಿ ವ್ಯಾಪಾರಿಯ ಅಂಗಳದಲ್ಲಿ ನಿಂತಿದ್ದ ಹಳೆಯ ಇಟಲಿ ಕಾರಿಗೆ ಮರುಳಾದೆ. ಹಿಂದೆ ಡಿಕ್ಕಿ ಇಲ್ಲದ ಗಿಡ್ಡ ಕಾರು, ಮಾಸಿದ ಕೆಂಪು ಬಣ್ಣ. "ಬಾಗಿಲು ಒಮ್ಮೆ ಹಾಕಿ ನೋಡಿ ಅಕ್ಕ," ಎಂದರು ಅವರು. ಹಾಕಿದೆ. ತಿಜೋರಿ ಮುಚ್ಚಿದಂತೆ ಗಂಭೀರವಾದ ಸದ್ದು. ನಾನು ಕಲಿತ ಕಾರಿಗೆ ಉಲ್ಟಾ, ಇಲ್ಲಿ ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ ಇದೆ ಎಂಬುದನ್ನು ಅವರು ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಹಾಗಾಗಿ ಬಂಟ್ವಾಳದಿಂದ ಸಿದ್ಧಕಟ್ಟೆಯ ನಮ್ಮ ಮನೆಯ ತನಕ ಪ್ರತಿ ತಿರುವಿನಲ್ಲೂ ಸುಡುಬಿಸಿಲಿಗೆ ವೈಪರ್ ಆಡಿಸುತ್ತ ಬಂದೆ.

ಮನೆಯಲ್ಲಿ ಮಾವ ಚಕ್ರಗಳನ್ನು ಕಾಲಿನಿಂದ ಒತ್ತಿ ನೋಡಿದರು. ಮೂವತ್ತು ವರ್ಷ ಜೀಪು ಓಡಿಸಿದವರು; ಅವರ ಪರೀಕ್ಷೆ ಅಷ್ಟರಲ್ಲೇ ಮುಗಿಯುತ್ತದೆ. ಅತ್ತೆ ಮಾತ್ರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ನಾನು ಬಿಸಿ ನೋಡುತ್ತಿದ್ದಾರೆ ಎಂದುಕೊಂಡೆ. ಅತ್ತೆಗೆ ವಾಹನವೆಂದರೆ ಹೆದರಿಕೆ ಎಂದು ನಾವು ಮನೆಯವರೆಲ್ಲ ನಂಬಿದ್ದೆವು. ಮಾವನ ಜೀಪಿನಲ್ಲಿ ಅವರು ಕಣ್ಣು ಮುಚ್ಚಿ, ಕಂಬಿ ಹಿಡಿದು ಕೂರುತ್ತಿದ್ದುದನ್ನು ನಾವೆಲ್ಲ ನೋಡಿ ನಕ್ಕಿದ್ದೇವೆ.

ಹೊಸ ಕಾರೆಂದ ಮೇಲೆ ಧರ್ಮಸ್ಥಳಕ್ಕೆ ಹೋಗದೆ ಇರಲಾಗುತ್ತದೆಯೇ? ಮಾವನಿಗೆ ಮಂಡಿನೋವು, ಗಂಡನಿಗೆ ರಜೆ ಇಲ್ಲ. ಹೊರಟದ್ದು ನಾನು ಮತ್ತು ಹಿಂದಿನ ಸೀಟಿನಲ್ಲಿ ಅತ್ತೆ. ವಾಮದಪದವಿನ ಏರಿನ ನಡುವೆ ಮುಂದೆ ಹೋಗುತ್ತಿದ್ದ ಬಸ್ಸು ಜನ ಹತ್ತಿಸಲು ನಿಂತಿತು. ನಾನೂ ನಿಂತೆ. ಬಸ್ಸು ಹೊರಟಿತು. ನಾನು ಹೊರಡಲಿಲ್ಲ, ಹಿಂದಕ್ಕೆ ಜಾರಿದೆ. ಬ್ರೇಕ್ ಒತ್ತಿದೆ, ಎಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಜಾರಿದೆ. ಹಿಂದೆ ಹೆಂಗಸರನ್ನು ತುಂಬಿಕೊಂಡ ಆಟೋ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಕನ್ನಡಿಯಲ್ಲಿ ಅದರ ಚಾಲಕನ ಕಣ್ಣು ಕಾಣುವಷ್ಟು ಹತ್ತಿರವಾಗಿದ್ದೆ. ಕಾರಿನೊಳಗೆ ಕ್ಲಚ್ ಸುಟ್ಟ ವಾಸನೆ ತುಂಬಿತ್ತು.

ಆಗ ಎರಡು ಸೀಟುಗಳ ನಡುವಿನಿಂದ ಬಳೆ ತೊಟ್ಟ ಕೈಯೊಂದು ಬಂದು ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆಯಿತು.

"ಇಳಿ," ಎಂದರು ಅತ್ತೆ.

ನಾನು ಇಳಿದೆ. ಯಾಕೆ ಇಳಿದೆನೋ ಈಗಲೂ ತಿಳಿಯದು. ಅತ್ತೆ ಚಪ್ಪಲಿ ಬಿಚ್ಚಿ, ಸೆರಗು ಸಿಕ್ಕಿಸಿ ನನ್ನ ಜಾಗದಲ್ಲಿ ಕೂತು, ಸೀಟು ಮುಂದೆ ಎಳೆದುಕೊಂಡರು. ಕಾರು ಸ್ಟಾರ್ಟ್ ಆಯಿತು, ಇದ್ದಲ್ಲೇ ಒಮ್ಮೆ ಮೈ ನಡುಗಿಸಿತು, ಒಂದಿಷ್ಟೂ ಹಿಂದೆ ಸರಿಯದೆ ಏರನ್ನು ಹತ್ತಿ ತಿರುವಿನಲ್ಲಿ ಮರೆಯಾಯಿತು. ನಾನು ರಸ್ತೆಯಲ್ಲೇ ಉಳಿದೆ.

ಆಟೋದವನು ತಲೆ ಹೊರಗೆ ಹಾಕಿದ. "ಅದು ಯಾರು ಅಕ್ಕ?"

"ನಮ್ಮ ಅತ್ತೆ."

"ನಿಮ್ಮನ್ನು ಬಿಟ್ಟೇ ಹೋದ್ರಲ್ಲ ಮಾರಾಯ್ರೆ."

ಏದುಸಿರು ಬಿಡುತ್ತ ಮೇಲೆ ಹೋದರೆ, ಅಂಗಡಿಯೊಂದರ ಬದಿಯಲ್ಲಿ ಕಾರು ರಸ್ತೆಯ ಅಂಚಿಗೆ ನೇರವಾಗಿ ನಿಂತಿತ್ತು. ಅತ್ತೆ ಆಗಲೇ ಹಿಂದಿನ ಸೀಟಿಗೆ ಹೋಗಿ ಕೂತಿದ್ದರು.

"ಅತ್ತೆ, ಎಲ್ಲಿ ಕಲಿತದ್ದು?"

"ಬೊಂಬಾಯಿಯಲ್ಲಿ. ಅಪ್ಪ ಕಲಿಸಿದ್ದು. ಅವರ ಟ್ಯಾಕ್ಸಿಯಲ್ಲಿ."

"ನಿಮ್ಮ ಅಪ್ಪನಿಗೆ ಹೋಟೆಲಲ್ವಾ?"

"ಹೋಟೆಲು ಅಂತ ನನ್ನ ಸೋದರಮಾವ ಹೇಳಿದ್ದು, ಮದುವೆ ಮಾತಾಡುವಾಗ. ಟ್ಯಾಕ್ಸಿಯವನ ಮಗಳಿಗೆ ಈ ಮನೆಯವರು ಒಪ್ಪಲಿಕ್ಕಿಲ್ಲ ಅಂತ. ಮತ್ತೆ ನಾನು ಓಡಿಸ್ತೇನೆ ಅಂದ್ರೆ, ಎಲ್ಲಿ ಕಲಿತೆ ಅಂತ ಕೇಳ್ತಾರಲ್ಲ?" ಎಂದು ನೀರು ಕುಡಿದರು. "ಮನೆಯಲ್ಲಿ ಹೇಳ್ಬೇಡ ಮಗಾ."

ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಆಟೋದವನು ಸಿದ್ಧಕಟ್ಟೆಯವನೇ ಆಗಿದ್ದ. ನಾವು ಧರ್ಮಸ್ಥಳದ ಪ್ರಸಾದ ಹಿಡಿದು ಬರುವಾಗ ಮಾವ ಚಾವಡಿಯಲ್ಲಿ ಕಾಯುತ್ತಿದ್ದರು.

"ಯಾರು ಓಡಿಸಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾನು," ಎಂದರು. ನಿಂತಲ್ಲೇ ಎಲ್ಲವನ್ನೂ ಹೇಳಿದರು. ಮಾವ ಗೋಡೆ ಹಿಡಿದು ಕೂತರು. ಜಗಳ ಆಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಾವ ಮಾತನ್ನೇ ಬಿಟ್ಟರು. ಊಟಕ್ಕೆ ಬರುತ್ತಿದ್ದರು, ಅತ್ತೆ ಬಡಿಸುತ್ತಿದ್ದರು, ತಟ್ಟೆಯ ಸದ್ದು ಮಾತ್ರ. ಇಷ್ಟು ವರ್ಷದ ಸಂಸಾರ ನನ್ನ ಹಳೆಯ ಕಾರೊಂದರಿಂದ ಮುರಿದುಬಿಟ್ಟಿತೇ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ. ಕಾರನ್ನು ಬಂಟ್ವಾಳಕ್ಕೇ ವಾಪಸು ಕೊಡುವ ಯೋಚನೆಯನ್ನೂ ಮಾಡಿದೆ.

ಹೀಗೇ ಕೆಲವು ದಿನ ಕಳೆದ ಮೇಲೆ, ಅತ್ತೆ ಅಕ್ಕಿಯ ಕಲ್ಲು ಆರಿಸುತ್ತಿದ್ದಾಗ ಮಾವ ಕೇಳಿದರು, "ನಾನು ಜೀಪು ಓಡಿಸ್ತಿದ್ದದ್ದು ಹೇಗಿತ್ತು?"

ಅತ್ತೆ ತಲೆ ಎತ್ತಲಿಲ್ಲ. "ಹಾರ್ನ್ ಒಳ್ಳೆ ಹೊಡೀತಿದ್ರಿ."

ಮಾವ ನಗಲಿಲ್ಲ. "ನಿನ್ನ ಅಪ್ಪ ಒಮ್ಮೆ ಮಂಗಳೂರಿನ ತನಕ ನನ್ನ ಪಕ್ಕ ಕೂತಿದ್ರು. ದಾರಿ ಇಡೀ ಒಂದು ಮಾತು ಹೇಳಲಿಲ್ಲ. ಹೇಳಿದ್ರೆ ನಾನು ಇಳಿದು ಜೀಪು ಅವರ ಕೈಗೇ ಕೊಡ್ತಿದ್ದೆ." ಅವರನ್ನು ಅಷ್ಟು ದಿನ ಕೊರೆದದ್ದು ಮದುವೆಯಲ್ಲಿ ಹೇಳಿದ ಸುಳ್ಳಲ್ಲ, ತೀರಿಹೋದ ಆ ಮನುಷ್ಯ ಪಕ್ಕದಲ್ಲಿ ಕೂತು ನುಂಗಿಕೊಂಡ ಮೌನ ಎಂದು ನನಗೆ ಆಗ ತಿಳಿಯಿತು. ಅತ್ತೆ ಅಕ್ಕಿಯ ಗೆರಸೆ ಬದಿಗಿಟ್ಟು ಕಣ್ಣೊರೆಸಿಕೊಂಡರು.

ಈಗ ಅತ್ತೆಗೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು ಬಂದಿದೆ. ಕಾರಿಗೆ ನಾನು ಮಾಲಕಿ ಆರ್‌ಸಿಯಲ್ಲಿ ಮಾತ್ರ. ಭಾನುವಾರ ಅವರು ಓಡಿಸುತ್ತಾರೆ, ನಿಯಮದಂತೆ ಪಕ್ಕದಲ್ಲಿ ನಾನು, ಹಿಂದೆ ಮಾವ. ಸಿದ್ಧಕಟ್ಟೆ ಪೇಟೆಯಲ್ಲಿ ಜನ ನಿಂತು ನೋಡುತ್ತಾರೆ. ಮಾವ ಗಾಜು ಇಳಿಸಿ, ಯಾರೂ ಕೇಳದಿದ್ದರೂ ಹೇಳುತ್ತಾರೆ, "ಇವಳ ಅಪ್ಪ ಬೊಂಬಾಯಿಯಲ್ಲಿ ಟ್ಯಾಕ್ಸಿ ಓಡಿಸ್ತಿದ್ರು."