ಅಕ್ಕೂರಿನ ಚೊಂಬು ನೀರು

ಒಂದೂರಲ್ಲಿ ನಿಲ್ಲೋ ಕಾಲಲ್ಲ ನನ್ನದು. ಹಾಗೇ ಅಲೆಯುತ್ತಾ ಅಕ್ಕೂರಿನ ಹತ್ತಿರ ಹೊಸ ಬಡಾವಣೆಗೆ ಗೂಟ ಹೊಡೆಯುವ ಕೆಲಸಕ್ಕೆ ಸೇರಿದ್ದೆ. ಮನೆಗಳ ಕಕ್ಕಸುಗುಂಡಿಗೆ ನಾನು ಗೂಟ ಹೊಡೆದ ಜಾಗ, ಊರಿನವರು ಕುಡಿಯೋ ನೀರಿನ ಬಾವಿಗೆ ಮೇಲ್ಗಡೆ, ತೀರಾ ಹತ್ತಿರದಲ್ಲಿತ್ತು.

ಅನುಮತಿ ಕೊಡುವ ಸಾಹೇಬರು ಜಾಗ ನೋಡಲು ಬಂದ ದಿನ, ಬಾವಿ ಪಕ್ಕದ ಮನೆಯ ಅವ್ವ ನಮ್ಮಿಬ್ಬರಿಗೂ ಅಂಗೈಗೆ ಬೆಲ್ಲ ಇಟ್ಟು, ಚೊಂಬಲ್ಲಿ ನೀರು ತಂದಳು. ಸಾಹೇಬರು ತಮ್ಮ ನೀರಿನ ಬಾಟಲಿ ತೋರಿಸಿ ಬೇಡ ಅಂದರು.

“ಈಗ್ಲೇ ಕುಡ್ದ್‌ಬುಡಿ ಸ್ವಾಮಿ,” ಅಂದಳು ಅವ್ವ. “ಆ ಗುಂಡಿಗೆ ನೀವು ಸೈನ್ ಹಾಕಿದ್ ಮ್ಯಾಕೆ ಬಂದ್ರೆ ಬರೀ ಬೆಲ್ಲ ಕೊಡ್ತೀನಿ. ಮನೆಗ್ ಬಂದೋರಿಗೆ ಕಕ್ಕಸು ನೀರು ಕೊಟ್ಟೋಳು ಅನ್ನುಸ್ಕೊಳ್ಳಲಾ?”

ಸಾಹೇಬರು ಚೊಂಬೆತ್ತಿ ಕುಡಿದರು. ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಗುಂಡಿ ಬಾವಿಗಿಂತ ಕೆಳಗೆ, ದೂರ ಹೋಗೋವರೆಗೂ ಅನುಮತಿ ಇಲ್ಲ. ಕೀಳಯ್ಯಾ ಗೂಟ,” ಅಂದರು. ಖುಷಿಯಿಂದಲೇ ಕಿತ್ತೆ.

ಆಮೇಲೆ ಎಷ್ಟೋ ಊರು ತಿರುಗಿದೆ. ಎಲ್ಲಾ ಕಡೆ ಕ್ಯಾನ್ ನೀರು, ಬೆಲ್ಲ ಇಡೋರಿಲ್ಲ. ಬಾಯಾರಿದಾಗಲೆಲ್ಲ ಆ ಚೊಂಬೇ ಕಣ್ಣಿಗೆ ಬರುತ್ತದೆ. ಅಲ್ಲೇ ಒಂದು ಮನೆ ಮಾಡಿಕೊಂಡು ಇದ್ದುಬಿಡೋಣ ಅನ್ನಿಸುತ್ತದೆ. ಅವ್ವ ಬೇಡ ಅನ್ನಲಾರಳು. ಆದರೆ ಮೊದಲು ಕೇಳೋದು ಮಾತ್ರ, “ಗುಂಡಿ ಎಲ್ಲಿ ತೋಡ್ತೀಯ್ಲಾ ಮಗ?” ಅಂತಲೇ.