ತೊಂಬತ್ತು ಜನರ ಹಡಗು

ವಲಸೆ ಕಚೇರಿಯ ಗೇಟಿನ ಪಕ್ಕ, ಕಾಲೊಂದು ಗಿಡ್ಡವಾದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತೆರಡು ವರ್ಷದಿಂದ ಕೂತಿದ್ದವನನ್ನು ಎಲ್ಲರೂ ಅರ್ಜಿ ಮಾಮ ಅನ್ನುತ್ತಿದ್ದರು. ವಲಸೆಯ ಕಾನೂನೆಲ್ಲ ಅವನಿಗೆ ಬಾಯಿಪಾಠ. ಐದು ವರ್ಷದವನಾಗಿ ಅಮ್ಮನ ಕೈ ಹಿಡಿದು ಹಡಗಿನಿಂದ ಇಳಿದಾಗ ಕಾನೂನು ಅಂತ ಇದ್ದದ್ದು ಒಬ್ಬ ಡಾಕ್ಟರು ಮಾತ್ರ: ನಾಲಿಗೆ ಚಾಚು, ಕೆಮ್ಮು, ಹೋಗು. ಆಮೇಲೆ ಹೆಸರು ಬರೆಸಿ ಅಂದರು. ಆಮೇಲೆ ಜಾಮೀನು ನಿಲ್ಲುವವರನ್ನು ಕರೆತನ್ನಿ ಅಂದರು. ಅದೂ ಸಾಲದೆ, ಇಂಥ ವರ್ಷದೊಳಗೆ ಬಂದವರು ಇರಬಹುದು, ಮಿಕ್ಕವರು ಗಂಟುಮೂಟೆ ಕಟ್ಟಿ ಅಂದರು.

ಮಾಮ ಎಡವಿದ್ದು ಆಗಲೇ. ತಡವಾಗಿ ಬಂದವರು ಕಂಕುಳಲ್ಲಿ ಮಗು ಎತ್ತಿಕೊಂಡು ಎದುರಿಗೆ ನಿಂತರೆ, ನಿಮಗೆ ದಾರಿಯಿಲ್ಲ ಹೋಗಿ ಅನ್ನಲು ಅವನ ನಾಲಿಗೆ ಏಳಲಿಲ್ಲ. ಯಾವ ಹಡಗು, ಯಾವ ತಾರೀಕು ಅಂತ ಅರ್ಜಿಯಲ್ಲಿ ಬರೆಯಬೇಕಿತ್ತು. ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಒಂದೇ ಹಡಗು, ತಾನು ಬಂದದ್ದು. ಇಳಿದ ದಿನದ ಮಳೆ, ಮುರಿದ ಮೆಟ್ಟಿಲು, ಎಲ್ಲವನ್ನೂ ಅವರಿಗೆ ಧಾರಾಳವಾಗಿ ಹಂಚಿಬಿಟ್ಟ. ನನ್ನ ಹಡಗು ಹತ್ತಿಬಿಡಿ, ಜಾಗ ಬೇಕಾದಷ್ಟಿದೆ ಅಂತ ನಗಿಸುತ್ತಿದ್ದ. ಒಳಗಿನ ಪುಣ್ಯಾತ್ಮರು ಕಣ್ಣೆತ್ತಿಯೂ ನೋಡದೆ ಮೊಹರು ಒತ್ತಿದರು.

ಈಗ ಹೊಸ ಕಾನೂನು. ಹಳೇ ಕಾಗದವನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ಮಾಮನ ಹಡಗಿನಲ್ಲಿ ಹಿಡಿಸುತ್ತಿದ್ದದ್ದು ತೊಂಬತ್ತು ಜನ; ಅದರಲ್ಲಿ ಬಂದೆವೆಂದವರು ನಾನೂರ ಹನ್ನೆರಡು. ಇಡೀ ಹಡಗೇ ಸುಳ್ಳು ಅಂತ ತೀರ್ಮಾನವಾಯಿತು. ಮೊದಲ ನೋಟೀಸು ಬಂದದ್ದು ಮಾಮನ ಅಮ್ಮನಿಗೆ, ಮೂವತ್ತು ದಿನದಲ್ಲಿ ದೇಶ ಬಿಡಬೇಕು ಅಂತ. ಮದುವೆಯಾದ ಮೇಲೆ ಹೆಂಡತಿಯ ಕಡೆಯಿಂದ ಮಾಮನಿಗೆ ಬೇರೆ ಕಾಗದ ಸಿಕ್ಕಿತ್ತು. ಅಮ್ಮನಿಗೆ ಇದ್ದದ್ದು ಆ ಹಡಗೊಂದೇ. ಎಂಬತ್ತಮೂರರ ಆ ಜೀವ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದು. ಅದನ್ನು ಎಲ್ಲಿಗೆ ಅಟ್ಟುತ್ತಾರಂತೆ?

ನಿಜವಾಗಿ ಬಂದವಳನ್ನು ನಾನೇ ಸುಳ್ಳು ಮಾಡಿದೆನಲ್ಲ ಅಂತ ಮಾಮ ಕಚೇರಿಗೆ ಓಡಿದ. ಅಧಿಕಾರಿ ಪಟ್ಟಿ ಹರವಿ, ಸುಳ್ಳು ಹೆಸರುಗಳನ್ನು ಹೊಡೆದುಹಾಕು, ನಿನ್ನ ತಾಯಿಯನ್ನು ಉಳಿಸಿಕೋ ಅಂದ. ಮಾಮ ಪೆನ್ನು ತೆಗೆದ. ಮೊದಲನೇ ಹೆಸರೇ ಬ್ರೆಡ್ಡಿನಂಗಡಿಯವಳದು. ಅವಳ ಮಗಳ ಶಾಲೆಯ ಅರ್ಜಿಯನ್ನು ಹೋದ ವಾರವಷ್ಟೇ ಟೈಪ್ ಮಾಡಿಕೊಟ್ಟಿದ್ದ. ಪೆನ್ನಿನ ಮುಚ್ಚಳ ಹಾಕಿದ.

"ಎಲ್ಲರೂ ಬಂದಿದ್ರು ಸಾರ್."

"ತೊಂಬತ್ತು ಜನರ ಹಡಗಲ್ಲಿ?"

"ಒತ್ಕೊಂಡು ಕೂತಿದ್ವಿ."

ಅಧಿಕಾರಿಗೆ ನಗು ಬಂತು. ಆದರೂ ಪಟ್ಟಿ ಮಡಚಿಟ್ಟು, ಇನ್ನು ಇಪ್ಪತ್ತಾರು ದಿನ ಇದೆ ಅಂದ.

ಉಳಿದದ್ದು ಒಂದೇ ದಾರಿ. ಮೊದಲು ಬರೆಸಿದ್ದು ತಪ್ಪಾಗಿತ್ತು, ಅದೇ ವರ್ಷ ಬೇರೆ ಹಡಗಿನಲ್ಲಿ ಬಂದೆ ಅಂತ ಅಮ್ಮ ಮೇಲ್ಮನವಿ ಕೊಡಬೇಕು. ಮಾಮ ಟೈಪ್‌ರೈಟರನ್ನು ಮನೆಗೆ ಹೊತ್ತು ತಂದು ಅವಳ ಮಂಚದ ಪಕ್ಕ ಕೂತು ಕಾಗದ ಸುತ್ತಿದ.

"ಅಮ್ಮ, ನಾವು ಬೇರೆ ಹಡಗಲ್ಲಿ ಬಂದ್ವಿ ಅಂತ ಬರೀತೀನಿ. ಯಾರಾದ್ರೂ ಕೇಳಿದ್ರೆ ಹೂಂ ಅನ್ನು ಸಾಕು. ನಿನ್ನ ಕಾಲಿಗೆ ಬೀಳ್ತೀನಿ."

ಅಮ್ಮ ಹೊದಿಕೆಯ ಅಂಚು ತಿರುವುತ್ತ ಕೂತಳು. ಆ ಹಡಗಿನಲ್ಲಿ ಮೂರನೇ ದಿನ ಅವಳ ಗಂಡ ಜ್ವರ ಬಂದು ಸತ್ತಿದ್ದ. ಕಂಬಳಿಯಲ್ಲಿ ಸುತ್ತಿ ನೀರಿಗೆ ಬಿಟ್ಟಿದ್ದರು. ಗೋರಿಯಿಲ್ಲ, ಕಾಗದವಿಲ್ಲ. ಹಡಗಿನ ಕತೆಯನ್ನೆಲ್ಲ ಊರಿಗೆ ಹಂಚಿದ ಮಾಮ ಇದೊಂದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ.

"ಹಾಗಾದ್ರೆ ನಿಮ್ಮಪ್ಪನ್ನ ಎಲ್ಲಿ ಬಿಟ್ಟು ಬಂದ್ವಿ ಅಂತ ಬರೀತೀಯ?" ಅಂದಳು.

ಆಮೇಲೆ ಟೈಪ್‌ರೈಟರಿನ ಮೇಲಿದ್ದ ಅವನ ಕೈ ಹಿಡಿದಳು.

"ಬೇಡ ಮಗಾ. ಕಳಿಸಿದ್ರೆ ಕಳಿಸ್ಲಿ. ದಾರೀಲಿ ಅವರಿದ್ದಾರೆ."

ಮಾಮ ಕಾಗದವನ್ನು ಹೊರಗೆಳೆದು, ಅವಳ ಮಡಿಲಲ್ಲಿ ತಲೆಯಿಟ್ಟು ಐದು ವರ್ಷದವನ ಹಾಗೆ ಅತ್ತ.