ಮಧುಮತಿ ಹೆಸರಿಟ್ಟ ಫೋಟೊಗಳು

ಮಧುಮತಿಗೆ ಸಿಟ್ಟು ಬಂದರೆ ಮುಗಿಯಿತು, ಎದುರಿಗಿರುವವರು ಯಾರು ಏನು ಅಂತ ನೋಡುವವಳೇ ಅಲ್ಲ. ಹಾವೇರಿಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ ಅವಳು, ಜಯನಗರದ ಅನಂತರಾಮುವಿನ ಫೋಟೊ ಸ್ಟುಡಿಯೊ ಸೇರಿದ ಮೊದಲ ದಿನವೇ ಕಂಪ್ಯೂಟರ್ ತೆರೆದು ಕಿಡಿಕಿಡಿಯಾದಳು. ರೀಲು ಬಿಟ್ಟು ಡಿಜಿಟಲ್ ಕ್ಯಾಮೆರಾ ಹಿಡಿದ ಮೇಲೆ ಆತ ಮಾಡಿಟ್ಟಿದ್ದ ಅವಾಂತರ ಒಂದೇ ಎರಡೇ! ‘ನ್ಯೂ’, ‘ನ್ಯೂ ನ್ಯೂ’, ‘ಫೈನಲ್’, ‘ಲಾಸ್ಟ್ ಫೈನಲ್’ ಎಂಬ ಫೋಲ್ಡರುಗಳು. ಗೊಟ್ಟಿಗೆರೆಯ ಗೃಹಪ್ರವೇಶದೊಳಗೆ ಅರೆಕೆರೆಯ ನಾಮಕರಣ. ಯಾರಾದರೂ ಹಳೆಯ ಫೋಟೊ ಕೇಳಿಕೊಂಡು ಬಂದರೆ, “ನಾಳೆ ಬನ್ನಿ ಸಾರ್, ಸಿಸ್ಟಮ್ ಹ್ಯಾಂಗ್ ಆಗಿದೆ” ಎಂದು ಸಾಗಹಾಕುತ್ತಿದ್ದ.

“ಹ್ಯಾಂಗ್ ಆಗಿರೋದು ಸಿಸ್ಟಮ್ ಅಲ್ಲ ಸಾರ್, ನಿಮ್ಮ ತಲೆ” ಎಂದು ಅವಳು ಮುಖಕ್ಕೆ ಹೊಡೆದಂತೆ ಅಂದಳು. ಇಂಥ ಕೆಲಸದವಳು ಮತ್ತೆ ಸಿಗುವುದಿಲ್ಲವೆಂದು ಆತ ಕಂಪ್ಯೂಟರನ್ನೇ ಅವಳಿಗೆ ಬಿಟ್ಟುಕೊಟ್ಟ.

2006ರಲ್ಲಿ ಹಟ ಹಿಡಿದು, ಫೋಟೊಗಳನ್ನು ಹೆಸರಿನಿಂದ ಹುಡುಕಿಕೊಡುವ ಸಾಫ್ಟ್‌ವೇರ್ ಹಾಕಿಸಿದಳು. ಹಾಕಿಸುವುದೇನೋ ಸುಲಭ, ಅದರೊಳಗೆ ಹೆಸರು ತುಂಬುವುದು ಕತ್ತೆ ಚಾಕರಿ. ಆಲ್ಬಂ ಮಾಡುವ ಮುಂಚೆ ಮದುವೆ ಮನೆಯ ಒಬ್ಬ ಸೋದರತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಫಿ ತರಿಸಿಕೊಟ್ಟು, “ಇವರ್ಯಾರು ಆಂಟಿ? ಆ ಮೂಲೇಲಿ ಊಟಕ್ಕೆ ಕೂತಿರೋರು?” ಎಂದು ಒಂದೊಂದು ಮುಖಕ್ಕೂ ಹೆಸರು ಕೇಳಿ ಸೇರಿಸುವಳು. ಅತ್ತೆಯರಿಗೆ ಇದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ. ಹೆಸರಿನ ಜೊತೆಗೆ ಚಾಡಿಯನ್ನೂ ಹೇಳಿ ಎದ್ದು ಹೋಗುತ್ತಿದ್ದರು. ಆಮೇಲೆ ಹೆಸರು ಟೈಪ್ ಮಾಡಿದರೆ ಸಾಕು, ಆ ಮನುಷ್ಯ ಇರುವ ಫೋಟೊಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ಅವಳಿಗೆ ಅದರ ಮೇಲೆ ವಿಪರೀತ ಹೆಮ್ಮೆ.

ಒಂದು ಬೆಳಿಗ್ಗೆ ಉತ್ತರಹಳ್ಳಿಯಿಂದ ಮುರಿಗೆವ್ವ ಎಂಬಾಕೆ ಬಂದಳು. ತಾವು ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳ ಮದುವೆಯಲ್ಲಿ ಓಡಾಡಿಕೊಂಡಿದ್ದ ಅವಳ ಗಂಡ ನೀಲಕಂಠಪ್ಪ, ಅದಾದ ವಾರದೊಳಗೆ ಎದೆನೋವು ಬಂದು ತೀರಿಕೊಂಡಿದ್ದ.

“ಮನ್ಯಾಗ ಅವರ್ದೊಂದು ಫೋಟೊ ಇಲ್ಲ ಯವ್ವಾ. ವೋಟಿನ ಕಾರ್ಡಿನ್ಯಾಗ ಕಳ್ಳನ್ಹಂಗ ಕಾಣ್ತಾರ. ಮದುವ್ಯಾಗ ನಿಮ್ಮ ಸಾಹೇಬ್ರು ತೆಗದಾರ, ಅದರಾಗ ನಮ್ಮವರು ನಗಾಕತ್ತಿದ್ರು. ಶಿವಗಣಾರಾಧನೆಗೆ ಅದನ್ನ ಇಡಬೇಕು.”

ಊರಿನ ಕಡೆಯ ಮಾತು ಕೇಳಿ ಮಧುಮತಿಯೂ ಅದೇ ಮಾತಿಗೆ ಹೊರಳಿದಳು. “ಕುಂದರ್ರಿ ಅವ್ವಾ, ಈಗ ತೆಗದು ಕೊಡ್ತೀನಿ” ಎಂದು ಹೆಸರು ಟೈಪ್ ಮಾಡಿದಳು. ಸಾಫ್ಟ್‌ವೇರ್ ಗುರುತಿಗೆಂದು ತನ್ನೊಳಗೆ ಇಟ್ಟುಕೊಳ್ಳುವ ಉಗುರಗಲದ ಚಿತ್ರಗಳು ಪರದೆಯ ಮೇಲೆ ಬಂದವು. ಒಂದನ್ನು ತೆರೆಯಹೋದರೆ ಮೂಲ ಫೈಲ್ ಇಲ್ಲ. ಇನ್ನೊಂದು, ಅದೂ ಇಲ್ಲ. ಬ್ಯಾಕಪ್ ಡಿಸ್ಕಿನಲ್ಲೂ ಇಲ್ಲ. ಆ ಮದುವೆಯ ಉಳಿದ ಫೋಟೊಗಳೆಲ್ಲ ಭದ್ರವಾಗಿವೆ, ನೀಲಕಂಠಪ್ಪ ಇರುವವು ಮಾತ್ರ ಮಾಯ!

ಅನಂತರಾಮು ಅವಳನ್ನು ಒಳಗೆ ಕರೆದು ಪಿಸುಗುಟ್ಟಿದ. “ಗಂಡಿನ ಕಡೆಯೋರು ಫೋನ್ ಮಾಡಿದ್ರು ಕಣಮ್ಮ. ಹೊಸ ಜೋಡಿ ಆಲ್ಬಂನಲ್ಲಿ ಸತ್ತೋರ ಮುಖ ಇರಬಾರ್ದಂತೆ. ಸಿಸ್ಟಮ್‌ನಲ್ಲಿ ಇಟ್ಕೊಂಡ್ರೆ ನಮಗೂ ಅಪಶಕುನ ಅಂತ ಎಲ್ಲಾ ಕಡೆಯಿಂದ ತೆಗೆದ್ಬಿಟ್ಟೆ. ನಿನ್ನ ಸಾಫ್ಟ್‌ವೇರ್ ಸಖತ್ತಾಗಿದೆ, ಹೆಸರು ಹೊಡೆದೆ, ಒಂದೇ ಏಟಿಗೆ ಹೋಯ್ತು. ಆಯಮ್ಮಂಗೆ ಕಂಪ್ಯೂಟರ್ ಕೆಟ್ಟಿದೆ ಅಂತ ಹೇಳಿ ಕಳಿಸು.”

ಮಧುಮತಿಗೆ ಮೈಯೆಲ್ಲ ಉರಿದುಹೋಯಿತು. ಥೂ! ಮೊದಲಿನ ಕಸದ ರಾಶಿಯೇ ಇದ್ದಿದ್ದರೆ ಈ ಮನುಷ್ಯನಿಗೆ ಏಳು ಜನ್ಮ ಹುಡುಕಿದರೂ ನೀಲಕಂಠಪ್ಪ ಸಿಗುತ್ತಿರಲಿಲ್ಲ. ಮುಖ ಗುರುತಿಸಿ, ಹೆಸರು ಅಂಟಿಸಿ, ತಂದು ಇವನ ಕೈಗೆ ಕೊಟ್ಟವಳು ತಾನೇ. ಅವನ ಮೇಲಿನ ಸಿಟ್ಟಿಗೆ ತನ್ನ ಮೇಲಿನ ಸಿಟ್ಟೂ ಸೇರಿ ಅಳು ಬಂತು. ಅದನ್ನು ಅವನಿಗೆ ತೋರಿಸಲು ಇಷ್ಟವಿಲ್ಲದೆ ದಡದಡನೆ ಹೊರಗೆ ಬಂದಳು.

“ಅವ್ವಾ, ಕಂಪ್ಯೂಟರ್ ಏನೂ ಕೆಟ್ಟಿಲ್ರಿ. ನಿಮ್ಮವರ ಫೋಟೊ ಇದ್ದುವು. ಸತ್ತವರದು ಬ್ಯಾಡ ಅಂತ ಇವರೇ ಅಳಿಸ್ಯಾರ. ಉಳದದ್ದು ಇಷ್ಟೇ ನೋಡ್ರಿ.”

ಹಿಂದೆಯೇ ಬಂದ ಅನಂತರಾಮು “ಏಯ್!” ಎನ್ನುವಷ್ಟರಲ್ಲಿ ಮುರಿಗೆವ್ವ ಪರದೆಯ ಹತ್ತಿರ ಬಗ್ಗಿದ್ದಳು. ದೊಡ್ಡದು ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಉಗುರಗಲವೇ ಇಟ್ಟರೆ ಗಂಡ ನಗುತ್ತಿದ್ದ. ಬಹಳ ಹೊತ್ತು ನೋಡಿ ಅವಳು ಅನಂತರಾಮುವಿನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಯಪ್ಪಾ, ಅಳಿಸೂ ಮುಂದ ಒಮ್ಮೆರ ಅವರ ಮುಖಾ ನೋಡಿದ್ಯಾ?”

ಆತ ನೋಡಿರಲಿಲ್ಲ, ಹೆಸರಷ್ಟೇ ನೋಡಿದ್ದ. ಮಧುಮತಿ ಕುರ್ಚಿಯೊಂದನ್ನು ಕರಕರ ಎಳೆದು ತಂದು ಪರದೆಯ ಮುಂದೆ ಹಾಕಿದಳು.

“ಈಗ ನೋಡಿ ಸಾರ್. ಕೂತ್ಕೊಂಡು ನೋಡಿ.”